ವಿಭೂತಿಯಲ್ಲಿ ಉಜ್ಜಿದ ದೊರೆ

ಕಪ್ಪಾದ ಬೆಳ್ಳಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೈಸೂರಿನಿಂದ ಹೊತ್ತು ತಂದ ಈ ಚಟ ಆಕ್ಲೆಂಡಿನಲ್ಲಿ ಒಮ್ಮೆ ನನ್ನ ಮಾನ ಕಳೆಯಿತು.

೨೦೧೪ರ ಸುಮಾರಿಗೆ ನಾವು ಹಿಲ್ಸ್‌ಬರೋದಲ್ಲಿದ್ದೆವು. ಪಕ್ಕದ ಮನೆಯಲ್ಲಿ ವಯಸ್ಸಾದ ನ್ಯೂಜಿಲೆಂಡಿನ ದಂಪತಿ. ಒಂದು ವರ್ಷ ನಮ್ಮ ವರಮಹಾಲಕ್ಷ್ಮಿ ಪೂಜೆಗೆ ಇಬ್ಬರೂ ಬಂದಿದ್ದರು. ದೇವಿಯ ಮುಂದಿಟ್ಟ ಬೆಳ್ಳಿ ನಾಣ್ಯಗಳನ್ನು ಗಂಡ ಮೂಗು ತಾಗುವಷ್ಟು ಬಗ್ಗಿ ನೋಡಿದ್ದರು. ಆ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮರುವರ್ಷ ಹಬ್ಬದ ಹಿಂದಿನ ದಿನ ಆಂಟಿ ಒಬ್ಬರೇ ಬಂದು ನನ್ನ ಕೈಗೆ ಒಂದು ನಾಣ್ಯ ಕೊಟ್ಟರು. ಹಪ್ಪಳಕ್ಕಿಂತ ತೆಳು, ಇದ್ದಿಲಿನಷ್ಟು ಕಪ್ಪು.

"ನಿಮ್ಮ ದೇವಿ ಹತ್ರ ಇದೂ ಒಂದಿನ ಕೂತಿರ್ಲಿ. ಇದು ಅವರ ಪ್ರಾಣ ಆಗಿತ್ತು," ಎಂದರು. ಅವರಾಡಿದ್ದು ಇಂಗ್ಲಿಷ್, ನನಗೇಕೋ ಕನ್ನಡದಲ್ಲೇ ನೆನಪಿದೆ.

ಸಾವಿರ ವರ್ಷದ ಹಿಂದೆ ಇಂಗ್ಲೆಂಡನ್ನು ಆಳಿದ ದೊರೆಯೊಬ್ಬ ಅಚ್ಚು ಹಾಕಿಸಿದ್ದಂತೆ. ಅವನ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ. ಹಡಗಿನಲ್ಲಿ ಬಂದು ಸುಲಿಯುತ್ತಿದ್ದ ಡೇನರಿಗೆ ರಾಶಿರಾಶಿ ಬೆಳ್ಳಿ ಕೊಟ್ಟು ಸಾಗಹಾಕುತ್ತಿದ್ದನಂತೆ. ಅವರು ತಿರುಗಿ ಬರುತ್ತಿದ್ದರಂತೆ, ಬಾರದೆ ಇರುತ್ತಾರೆಯೇ! ಈ ನಾಣ್ಯವೂ ಡೇನರ ಕೈಗೆ ಹೋಗಿತ್ತೋ ಇಲ್ಲವೋ ಎಂದು ಗಂಡ ಕೊನೆಯವರೆಗೂ ತಲೆ ಕೆಡಿಸಿಕೊಂಡಿದ್ದರು ಎಂದರು ಆಂಟಿ.

ನನ್ನನ್ನು ಕಾಡಿದ್ದು ಬೇರೆ. ಇಂಥ ಪುಕ್ಕಲು ದೊರೆಯ ಮುಖ ಹೇಗಿದ್ದೀತು? ಮರುದಿನ ಬೆಳಿಗ್ಗೆ ದೀಪ, ಕುಂಕುಮದ ಬಟ್ಟಲು ಉಜ್ಜುತ್ತಾ ಕೂತವಳು ಚಿಟಿಕೆ ವಿಭೂತಿಯಲ್ಲಿ ಅವನನ್ನೂ ಉಜ್ಜಿಬಿಟ್ಟೆ. ಮುಳ್ಳುಹಂದಿಯ ಹಾಗೆ ಕೂದಲು ನಿಮಿರಿಸಿಕೊಂಡವನೊಬ್ಬ ಎದ್ದುಬಂದ. ನನಗೆ ಖುಷಿಯೋ ಖುಷಿ. ಮಗಳು ಮಾತ್ರ, "ಅಮ್ಮಾ, ಯು ನೆವರ್ ಕ್ಲೀನ್ ಓಲ್ಡ್ ಕಾಯಿನ್ಸ್!" ಎಂದು ಹಣೆ ಚಚ್ಚಿಕೊಂಡಳು.

ಸಂಜೆ ಆಂಟಿ ಬಂದರು. ಫಳಫಳ ಹೊಳೆಯುತ್ತಿದ್ದ ನಾಣ್ಯವನ್ನು ನೋಡಿ ನಿಂತೇಬಿಟ್ಟರು.

"ನಲವತ್ತು ವರ್ಷ ಅವರು ಒಂದ್ಸಲನೂ ಒರೆಸಿರ್ಲಿಲ್ಲ. ಆ ಕಪ್ಪೇ ಇದರ ವಯಸ್ಸು ಅಂತಿದ್ರು."

ನಾಣ್ಯ ತೆಗೆದುಕೊಂಡು, ಕೋಸಂಬರಿಯನ್ನೂ ಮುಟ್ಟದೆ ಹೊರಟುಹೋದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಮೂರು ವಾರ ಬೇಲಿಯಾಚೆಯಿಂದ ಅವರು ತಲೆಯೆತ್ತಿ ನೋಡಲಿಲ್ಲ. ಕ್ಷಮೆ ಕೇಳಿ ಬರೆದ ಚೀಟಿಗೂ ಉತ್ತರವಿಲ್ಲ.

ಒಂದು ಭಾನುವಾರ ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ನಾಣ್ಯ, ಇನ್ನೊಂದರಲ್ಲಿ ಗಂಡನ ಭೂತಗನ್ನಡಿ. ಅಡುಗೆಮನೆಯ ಕಿಟಕಿಗೆ ಎಳೆದುಕೊಂಡು ಹೋಗಿ ದೊರೆಯ ಕೆನ್ನೆ ತೋರಿಸಿದರು. ಅಲ್ಲಿ ಎರಡು ಸಣ್ಣ ಗಾಯಗಳಿದ್ದವು.

"ಬೆಳ್ಳಿ ಅಸಲಿಯೋ ನಕಲಿಯೋ ಅಂತ ಡೇನರು ಚಾಕು ತುದಿಯಿಂದ ಹೀಗೆ ಚುಚ್ಚಿ ನೋಡ್ತಿದ್ರಂತೆ. ನಮ್ಮವರ ಪುಸ್ತಕದಲ್ಲೇ ಇದೆ, ಗೆರೆ ಎಳೆದಿಟ್ಟಿದ್ದಾರೆ. ಇಷ್ಟು ವರ್ಷ ಕಪ್ಪಿನ ಕೆಳಗೆ ಮುಚ್ಚಿಹೋಗಿತ್ತು. ಡೇನರ ಕೈಗೆ ಹೋಗಿತ್ತು, ನೋಡು, ಹೋಗಿತ್ತು!"

ನನ್ನ ಎದೆಯ ಭಾರ ಇಳಿಯಿತು. "ಹಾಗಾದ್ರೆ ನನ್ನ ಮೇಲೆ ಕೋಪ ಇಲ್ವಾ ಆಂಟಿ?"

"ಇದೆ," ಎಂದರು. ಕಣ್ಣು ತುಂಬಿತ್ತು. "ಅವರು ಇದ್ದಾಗ ಯಾಕೆ ಉಜ್ಜಲಿಲ್ಲ ನೀನು?"