ದೊಡ್ಡಪ್ಪ ಎಮ್ಮೆಗೆ ಹೇಳಿದ ಮಾತು

ಆ ಸಂಜೆ ಕೊಟ್ಟಿಗೆಯ ಮುಂದೆ ನಾವು ಇಷ್ಟು ಜನ ಇದ್ದೆವು: ಕೈಯಲ್ಲಿ ಹಗ್ಗ ಹಿಡಿದು ನಿಂತ ದೊಡ್ಡಪ್ಪ, ರಾಗಿ ಕೇರುತ್ತಿದ್ದ ಮೊರ ಕೆಳಗಿಡುವುದನ್ನೂ ಮರೆತ ದೊಡ್ಡಮ್ಮ, ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ ಅವರ ಒಬ್ಬನೇ ಮಗ ನಂಜುಂಡಣ್ಣ, ಜಗುಲಿಯ ಮೇಲೆ ಹುಣಿಸೆಹಣ್ಣು ಚೀಪುತ್ತ ಕೂತ ನಾನು. ಐದನೆಯವಳು ಚೌಡಿ, ನಮ್ಮ ಮನೆಯ ಎಮ್ಮೆ. ಆ ಸಭೆಗೆ ತಾನೇ ಮುಖ್ಯ ಅತಿಥಿ ಎಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

“ಚೌಡಿ,” ಅಂದ ದೊಡ್ಡಪ್ಪ, ಎಮ್ಮೆಯ ಮುಖಕ್ಕೆ ಮುಖ ಕೊಟ್ಟು. “ಇವತ್ತು ಐಸ್ಕೂಲ್ ಮೇಷ್ಟ್ರು ನನ್ನ ಕರ್ಸಿದ್ರು. ಎಲ್ಲಾರ್ ಮುಂದೆ ಏನಂದ್ರು ಗೊತ್ತಾ? ‘ಮುನಿಯಪ್ಪ, ನಿನ್ ಮಗನ ಬದ್ಲು ನಿನ್ನ ಎಮ್ಮೆ ಕಳ್ಸು, ಅದಾದ್ರೂ ಪಾಸಾಗ್ತದೆ’ ಅಂದ್ರು. ಅದ್ಕೇ ಇವತ್ತಿಂದ ನನ್ ಮಾತೇನಿದ್ರೂ ನಿನ್ ಜೊತೆ. ಅಲ್ಲಿ ನಿಂತವ್ನಲ್ಲ, ಅವ್ನು ಎಸ್ಸೆಲ್ಸಿ ಪಾಸಾಗೋಗಂಟ ಅವ್ನ್ ಜೊತೆ ಮಾತಿಲ್ಲ. ಆಂಜನೇಯನ ಗುಡೀಲಿ ಕರ್ಪೂರ ಅಚ್ಚಿ ಆಣೆ ಇಕ್ಕಿ ಬಂದಿವ್ನಿ. ನಾನು ಆಣೆ ಮುರುದ್ರೆ ಅವ್ನು ಫೇಲು.”

ದೊಡ್ಡಮ್ಮ ಮೊರ ಎಸೆದಳು. “ಆಣೆ ಇಕ್ಕೋಕೆ ನಿಂಗೆ ಬೇರೆ ಏನೂ ಸಿಗ್ಲಿಲ್ವಾ? ಬೀಡಿ ಬಿಡ್ತೀನಿ ಅಂತ ಇಕ್ಕಬಾರ್ದಾಗಿತ್ತಾ?”

“ಬೀಡಿ ಬಿಟ್ರೆ ಅವ್ನಿಗೆ ಲೆಕ್ಕ ಬತ್ತದಾ?” ಅಂದ ದೊಡ್ಡಪ್ಪ. ಅದೂ ಎಮ್ಮೆಯ ಕಡೆ ತಿರುಗಿಯೇ.

ಮತ್ತಿಕೆರೆ ಆಗ ಊರಾಗಿತ್ತು, ಬಡಾವಣೆ ಆಗಿರಲಿಲ್ಲ. ಮುನಿಯಪ್ಪ ನನ್ನ ಅಪ್ಪನ ಅಣ್ಣ. ನಮ್ಮೆರಡು ಮನೆಗೆ ಒಂದೇ ಅಂಗಳ, ಎರಡು ಒಲೆ. ಕೆರೆಯ ಹಿಂದೆ ಅವನ ಸೊಪ್ಪಿನ ತೋಟ. ಚೌಡಿಯ ಹಾಲು ದಿನಾ ಬೆಳಗ್ಗೆ ಮಲ್ಲೇಶ್ವರದ ಮನೆಗಳಿಗೆ ಹೋಗುತ್ತಿತ್ತು. ಉಳಿದ ಹೊತ್ತಿನಲ್ಲಿ ಅವನಿಗೆ ಜಗಳವೇ ಕಸುಬು. ಬೇಲಿಗಾಗಿ ಪಕ್ಕದವನ ಜೊತೆ, ನೀರಿಗಾಗಿ ತೂಬಿನವನ ಜೊತೆ, ಹಾಲು ತೆಳ್ಳಗಾಯಿತು ಎಂದ ಮಲ್ಲೇಶ್ವರದ ಅಮ್ಮಂದಿರ ಜೊತೆ. “ದಪ್ಪಗೆ ಬೇಕಾದ್ರೆ ಸುಣ್ಣ ಕುಡೀರಿ” ಎಂದು ಹೇಳಿ ಎರಡು ಮನೆಯ ಹಾಲಿನ ವರ್ತನೆ ಕಳೆದುಕೊಂಡಿದ್ದ. ಒಂದು ದಿನ ಯಾರನ್ನೂ ಬೈಯದೆ ಹೋದರೆ, “ಮೈಗೆ ಉಷಾರಿಲ್ವಾ ಮುನಿಯಣ್ಣ?” ಎಂದು ಜನ ವಿಚಾರಿಸುತ್ತಿದ್ದರು.

ಆದರೆ ಆ ವರ್ಷದ ಸಿಟ್ಟಿಗೆ ಬೇರೆಯದೇ ಬೇರಿತ್ತು. ಸರ್ವೆಯವರು ಬಂದು ಅವನ ತೋಟದ ನಡುವೆ ಕಲ್ಲು ನೆಟ್ಟು ಹೋಗಿದ್ದರು. ಇಂದಲ್ಲ ನಾಳೆ ಅಲ್ಲಿ ಸೈಟುಗಳಾಗುತ್ತವೆ ಎಂಬ ಸುದ್ದಿ. ದೊಡ್ಡಪ್ಪ ದಿನಾ ಆ ಕಲ್ಲಿಗೆ ಒಂದು ಸಲ ಉಗಿದೇ ಸೊಪ್ಪು ಕೀಳಲು ಕೂರುತ್ತಿದ್ದ. ನೆಲ ಹೋದ ಮೇಲೆ ಮಗ ಏನು ಮಾಡಬೇಕು? ಜಾಲಹಳ್ಳಿಯ ಕಡೆ ಕಾರ್ಖಾನೆ ಎದ್ದಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗರನ್ನು ಅಲ್ಲಿ ತೆಗೆದುಕೊಳ್ಳುತ್ತಾರಂತೆ. ಫೇಲಾದವರನ್ನು ಗೇಟಿನ ಹತ್ತಿರವೂ ಬಿಡುವುದಿಲ್ಲವಂತೆ. ಇಷ್ಟನ್ನು ಮಗನನ್ನು ಕೂರಿಸಿಕೊಂಡು ಹೇಳಬಹುದಿತ್ತು. ನಮ್ಮ ದೊಡ್ಡಪ್ಪನಿಗೆ ಕೂರಿಸಿಕೊಂಡು ಹೇಳುವುದು ಗೊತ್ತಿರಲಿಲ್ಲ.

ಮಾರನೆಯ ಬೆಳಗಿನಿಂದಲೇ ಶುರುವಾಯಿತು. ಕೋಳಿ ಕೂಗುವ ಮೊದಲೇ ಕೊಟ್ಟಿಗೆಯಿಂದ ಅಬ್ಬರ: “ಏಳೇ ಮೂದೇವಿ! ಪರೀಕ್ಷೆ ಅತ್ರ ಬಂತು, ಕಾಲು ಚಾಚ್ಕೊಂಡು ಬಿದ್ದಿದ್ದೀಯಾ!” ಚೌಡಿ ಆಗಲೇ ಎದ್ದು, ಹಾಲು ಕೊಟ್ಟು, ಹುಲ್ಲು ತಿನ್ನುತ್ತಿದ್ದಳು. ಒಳಗಿನಿಂದ ನಂಜುಂಡಣ್ಣನೂ ಎಮ್ಮೆಗೇ ಉತ್ತರ ಕೊಟ್ಟ: “ಚೌಡಿ, ನಿನ್ ಯಜಮಾನಂಗೆ ಹೇಳು, ನಾನ್ ಎದ್ದು ಮುಖ ತೊಳ್ದಾಯ್ತು. ಅವನ ಗಂಟಲಿಗೆ ಊರೇ ಎದ್ದಾಯ್ತು.”

ದೊಡ್ಡಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮಗ ಓದುತ್ತಿದ್ದಾನೋ ಇಲ್ಲವೋ ಎಂಬುದನ್ನು ಕಿವಿಯಿಂದಲೇ ಅಳೆಯುತ್ತಿದ್ದ. ಗಟ್ಟಿಯಾಗಿ ಓದುವ ದನಿ ಒಂದು ಗಳಿಗೆ ನಿಂತರೆ ಸಾಕು, “ಯಾಕೆ ಮೆಲುಕು ನಿಂತೋಯ್ತು? ಅಲ್ಲು ಬಿದ್ದೋದ್ವಾ?” ಎಂದು ಚೌಡಿಯನ್ನು ಕೇಳುತ್ತಿದ್ದ. ಲೆಕ್ಕವನ್ನು ಗಟ್ಟಿಯಾಗಿ ಓದಲಾಗುವುದಿಲ್ಲ ಎಂಬುದು ಅವನಿಗೆ ಹೊಳೆಯುವಂತಿರಲಿಲ್ಲ. ನಂಜುಂಡಣ್ಣ ಲೆಕ್ಕ ಮಾಡುವಾಗ ಬಾಯಿಗೆ ಬಂದ ಚರಿತ್ರೆ ಒದರುತ್ತ ಕೈಯಲ್ಲಿ ಬೀಜಗಣಿತ ಬಿಡಿಸುವುದನ್ನು ಕಲಿತ. ಅಷ್ಟರಮಟ್ಟಿಗೆ ಅಪ್ಪನಿಂದ ಮಗನಿಗೆ ವಿದ್ಯೆ ಬಂತು.

ಮಲ್ಲೇಶ್ವರಕ್ಕೆ ಹೊರಡುವ ಮುಂಚೆ ಒಂದು ಲೋಟ ಹಸಿ ಹಾಲು ಕಿಟಕಿಯ ಮೇಲೆ ಕೂತಿರುತ್ತಿತ್ತು. “ಚೌಡಿ, ನಿನ್ ಆಲು ಯಾರೋ ಕದ್ದು ಕುಡೀತಾವ್ರೆ. ಕುಡುದು ಸಾಯ್ಲಿ. ತಲೇಗಾದ್ರೂ ಅತ್ಲಿ,” ಎಂದು ಕ್ಯಾನು ಎತ್ತಿಕೊಂಡು ಹೋಗುತ್ತಿದ್ದ. ಲೋಟ ಇಟ್ಟವನೂ ಅವನೇ.

ನೆಂಟರನ್ನೂ ಬಿಡಲಿಲ್ಲ. ಅಮೃತಹಳ್ಳಿಯಿಂದ ದೊಡ್ಡಮ್ಮನ ತಮ್ಮ ಮದುವೆಗೆ ಕರೆಯಲು ಬಂದಾಗ ಅಂಗಳದಲ್ಲೇ ತಡೆದು, “ಚೌಡಿ, ಇವ್ರ ಮನೇಲಿ ಯಾವಾಗ್ಲೂ ಪರೀಕ್ಷೆ ವೊತ್ನಲ್ಲೇ ಯಾಕೆ ಲಗ್ನ ಬತ್ತದೆ, ಕೇಳು,” ಅಂದ. ಆ ಭಾವಮೈದ ನೀರನ್ನೂ ಕುಡಿಯದೆ ತಿರುಗಿ ಹೋದ. ದೊಡ್ಡಮ್ಮ ಮೂರು ದಿನ ಗಂಡನ ಜೊತೆ ಮಾತು ಬಿಟ್ಟಳು. “ಈ ಮನೇಲಿ ಎಮ್ಮೆಗಿರೋ ಮರ್ವಾದಿ ನಂಗಿಲ್ಲ” ಎಂದು ಅವಳೂ ಹೇಳಿದ್ದು ಚೌಡಿಯ ಹತ್ತಿರವೇ.

ಇಷ್ಟರವರೆಗೆ ನಗುವ ಮಾತು. ಆಮೇಲಿನದು ನಗುವಂಥದ್ದಾಗಿರಲಿಲ್ಲ.

ಯಶವಂತಪುರದಲ್ಲಿ ಟೆಂಟ್ ಸಿನಿಮಾ ಬಿದ್ದಿತ್ತು. ಪರೀಕ್ಷೆಗೆ ಇನ್ನೆರಡು ವಾರ ಇರುವಾಗ ಒಂದು ಭಾನುವಾರ ನಂಜುಂಡಣ್ಣ ಗೆಳೆಯನ ಮನೆಯಲ್ಲಿ ಓದುತ್ತೇನೆ ಎಂದು ಹೇಳಿ ಹೋದ. ಸಂಜೆ ಸೊಪ್ಪು ಕೊಟ್ಟು ಬಂದ ಯಾರೋ, “ನಿಮ್ಮ ನಂಜುಂಡ ಟೆಂಟಿನ ಸಾಲಲ್ಲಿ ನಿಂತವ್ನೆ” ಅಂದರು. ದೊಡ್ಡಪ್ಪ ಚೌಡಿಯ ಹಗ್ಗ ಬಿಚ್ಚಿದ. ನನ್ನ ಕೈಗೆ ಕೋಲು ಕೊಟ್ಟು, “ಇಂದ್ಲಿಂದ ಒಡ್ಕೊಂಡ್ ಬಾ” ಅಂದ.

ನಾವು ಮುಟ್ಟುವ ಹೊತ್ತಿಗೆ ಟಿಕೆಟ್ ಕೊಡಲು ಶುರು ಮಾಡಿದ್ದರು. ನೆಲದ ಟಿಕೆಟ್ಟಿನ ಸಾಲು ಉದ್ದ ಇತ್ತು. ನಡುವೆ ನಂಜುಂಡಣ್ಣ, ಹಿಂದೆ ಮುಂದೆ ಅವನ ಶಾಲೆಯ ಹುಡುಗರು. ದೊಡ್ಡಪ್ಪ ನೇರ ಹೋಗಿ ಮಗನ ಬೆನ್ನಿಗೆ ತಾಗುವಂತೆ ಎಮ್ಮೆಯನ್ನು ನಿಲ್ಲಿಸಿದ.

“ಸಾಲಲ್ಲಿ ನಿಂತ್ಕೊಳೆ ಚೌಡಿ, ನುಗ್ಗಬ್ಯಾಡ. ನಿಂಗೂ ಒಂದ್ ನೆಲದ್ ಟಿಕೀಟು ತಗೀತೀನಿ. ಪರೀಕ್ಷೆ ಬರಿಯೋರೆಲ್ಲಾ ಇಲ್ಲೇ ಅವ್ರೆ. ನೀನೊಬ್ಬಳು ಮನೇಲಿ ಕೂತು ಏನ್ ಕಡುದ್ ಕಟ್ಟೆ ಆಕ್ತೀಯ?”

ಸಾಲಿಗೆ ಸಾಲೇ ನಕ್ಕಿತು. ಟಿಕೆಟ್ ಕೊಡುವವನು ಕಿಂಡಿಯಿಂದ ತಲೆ ಹೊರಗೆ ಹಾಕಿ, “ಯಜಮಾನ್ರೆ, ಎಮ್ಮೆಗೆ ಬೆಂಚು ಬೇಡ್ವಾ?” ಅಂದ. ಹುಡುಗರಲ್ಲೊಬ್ಬ, “ಏಯ್ ನಂಜ, ನಿಮ್ಮಕ್ಕ ಬಂದವ್ಳೆ ಕಣೋ!” ಎಂದು ಕೂಗಿದ. ಚೌಡಿ ಆ ಗದ್ದಲಕ್ಕೆ ಹೆದರಿ ಅಲ್ಲೇ ಸಗಣಿ ಹಾಕಿದಳು. ಅದಕ್ಕೆ ಇನ್ನಷ್ಟು ನಗು. ನಂಜುಂಡಣ್ಣನ ಕಿವಿ ಕೆಂಪಗಾದದ್ದು ನನಗೆ ಕಾಣಿಸಿತು. ಅವನು ಅಪ್ಪನನ್ನು ಒಂದು ಸಲ ನೋಡಿದ. ಆ ನೋಟ ನಾನು ಅದಕ್ಕೆ ಮುಂಚೆ ಯಾರ ಕಣ್ಣಲ್ಲೂ ಕಂಡಿರಲಿಲ್ಲ. ಸಾಲು ಬಿಟ್ಟು ಹೊರಟುಹೋದ.

ಮನೆಗೆ ಬಂದು ಪುಸ್ತಕಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ಕೊಟ್ಟಿಗೆಗೆ ತಂದು ಚೌಡಿಯ ಗೋದಲಿಯಲ್ಲಿ ಇಟ್ಟ.

“ತಗೋ. ನೀನೇ ಓದ್ಕೋ. ನೀನೇ ಬರಿ. ನಾನ್ ಬರಿಯಲ್ಲ.”

ಮಾರನೆಯ ದಿನ ಅವನು ಶಾಲೆಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಕಿಟಕಿಯ ಹಾಲು ಕೆನೆಗಟ್ಟಿ, ಇರುವೆ ಬಿತ್ತು. ಓದುವ ದನಿ ಇಲ್ಲದ ಮನೆಯಲ್ಲಿ ದೊಡ್ಡಪ್ಪ ಅಂಗಳದಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಅಂಗಳಕ್ಕೆ ತಿರುಗಿದ.

“ಒಂದ್ ಮಾತು ಆಡು,” ಅಂದಳು ದೊಡ್ಡಮ್ಮ. “ನಿನ್ನ ಕಾಲಿಗ್ ಬೀಳ್ತೀನಿ. ‘ಎದ್ದೇಳ್ಲಾ ನಂಜ’ ಅಂತ ಒಂದೇ ಮಾತು. ಅಷ್ಟಕ್ಕೆ ಎದ್ದು ಬತ್ತಾನೆ.”

“ಆಣೆ ಇಕ್ಕಿವ್ನಲ್ಲೇ!” ದೊಡ್ಡಪ್ಪನ ದನಿ ಒಡೆದಿತ್ತು. “ನಾನ್ ಬಾಯ್ ಬಿಟ್ರೆ ಅವ್ನು ಫೇಲಾಗೋದು ನಿಜ. ಬಿಡ್ದಿದ್ರೆ ಬರಿಯೋದೇ ಇಲ್ಲ ಅಂತಾನೆ. ನಾನೇನ್ ಮಾಡ್ಲಿ?”

ನನ್ನ ಅಪ್ಪ ಬಂದು, ತಪ್ಪು ಕಾಣಿಕೆ ಹಾಕಿ ಆಣೆ ಬಿಡಿಸಿಕೊಳ್ಳಬಹುದು ಎಂದು ಸಮಾಧಾನ ಹೇಳಿದ. “ಆಂಜನೇಯ ಏನು ಸೊಪ್ಪಿನ್ ಯಾಪಾರಿನಾ, ಕೊಟ್ಟಿದ್ ವಾಪಸ್ ಇಸ್ಕೊಳಕ್ಕೆ?” ಎಂದು ದೊಡ್ಡಪ್ಪ ಅವನನ್ನೂ ಬೈದು ಕಳಿಸಿದ.

ಮೂರನೆಯ ಬೆಳಗ್ಗೆ ದೊಡ್ಡಪ್ಪ ಹಾಲು ಕೊಡಲು ಹೊರಡಲಿಲ್ಲ. ಚೌಡಿಯನ್ನು ಕೊಟ್ಟಿಗೆಯಿಂದ ಬಿಚ್ಚಿ, ನಂಜುಂಡಣ್ಣ ಮಲಗಿದ್ದ ಕೋಣೆಯ ಕಿಟಕಿಯ ಹೊರಗೆ ತಂದು ಕಟ್ಟಿದ. ಬಾವಿಯಿಂದ ಕೊಡ ಕೊಡ ನೀರು ಸೇದಿ ತಂದು, ತೆಂಗಿನ ನಾರು ಹಿಡಿದು ಅವಳ ಮೈ ಉಜ್ಜಲು ಶುರು ಮಾಡಿದ. ಬಹಳ ಹೊತ್ತು ಉಜ್ಜಿದ. ಆಮೇಲೆ, ಅವನ ಬಾಯಲ್ಲಿ ನಾವ್ಯಾರೂ ಕೇಳಿರದಂಥ ಸಣ್ಣ ದನಿಯಲ್ಲಿ ಹೇಳಿದ:

“ಚೌಡಿ, ಅವತ್ತು ನಿನ್ನ ಟೆಂಟಿನ್ ಅತ್ರ ಕರ್ಕೊಂಡ್ ಓಗಬಾರ್ದಾಗಿತ್ತು ಕಣೆ. ಬೆಳೆದೋಳು ನೀನು. ನಾಕ್ ಜನದ ಮುಂದೆ ನಿನ್ ಮಾನ ಕಳ್ದೆ. ಮೇಷ್ಟ್ರು ಅಷ್ಟ್ ಜನದ ಮುಂದೆ ನನ್ ಮಾನ ಕಳ್ದಾಗ ಎಂಗಾಯ್ತು ಅಂತ ನಂಗೊತ್ತಿತ್ತು. ಗೊತ್ತಿದ್ದೂ ನಿಂಗೆ ಅದ್ನೇ ಮಾಡ್ದೆ. ನಿಂಗ್ ಕ್ವಾಪ ಬಂದೈತೆ. ಬರ್ಲಿ. ಒದಿಯಂಗಿದ್ರೆ ಒದಿ. ಆದ್ರೆ ಮೇವು ಬಿಡಬ್ಯಾಡ.”

ಚೌಡಿ ಬಾಲ ಬೀಸಿದಳು. ನೀರು ಅವನ ಮುಖಕ್ಕೆ ಸಿಡಿಯಿತು. ಒರೆಸಿಕೊಳ್ಳಲಿಲ್ಲ.

ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ದೊಡ್ಡಪ್ಪ ಹಗ್ಗ ಬಿಚ್ಚಿ ಇನ್ನೇನು ಹೊರಡಬೇಕು, ಕಿಟಕಿಯಿಂದ ಗಡಸು ದನಿ ಬಂತು.

“ಚೌಡಿ. ನಿನ್ ಯಜಮಾನಂಗೆ ಹೇಳು. ಬರೀತೀನಿ. ಅವನಿಗೋಸ್ಕರ ಅಲ್ಲ. ಪಾಸಾಗಿ ಈ ಮನೆ ಬಿಟ್ಟು ಹೋಗ್ಬೇಕು, ಅದಕ್ಕೆ.”

“ಯಾತಕ್ಕಾದ್ರೂ ಬರೀಲಿ,” ಅಂದ ದೊಡ್ಡಪ್ಪ ಎಮ್ಮೆಗೆ. ಗೋದಲಿಯಿಂದ ಗೋಣಿಚೀಲ ತಂದು, ಹುಲ್ಲು ಕೊಡವಿ, ಬಾಗಿಲಲ್ಲಿ ಇಟ್ಟು ಹೋದ.

ಆಮೇಲಿನ ದಿನಗಳಲ್ಲಿ ನಂಜುಂಡಣ್ಣ ಓದಿದ್ದು ಸಿಟ್ಟಿನಿಂದ. ಯಾವುದೋ ರಾಜನ ಯುದ್ಧಗಳನ್ನು ತಾನೇ ಹೂಡಿದವನಂತೆ ಕಿರುಚಿ ಓದುತ್ತಿದ್ದ. ಕೆರೆಯ ಆಚೆಗೂ ಕೇಳುತ್ತಿತ್ತಂತೆ. ದೊಡ್ಡಪ್ಪ ಸೊಪ್ಪಿನ ಮಡಿಯಲ್ಲಿ ಕೂತು ಕೇಳುತ್ತಿದ್ದ, ಸರ್ವೆ ಕಲ್ಲಿಗೆ ಬೆನ್ನು ಕೊಟ್ಟು.

ಪರೀಕ್ಷೆಯ ದಿನಗಳಲ್ಲಿ ಗಾಡಿ ಕಟ್ಟಿ ಮಗನನ್ನು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದ. ಹೋಗುವಾಗಲೂ ಬರುವಾಗಲೂ ಇಬ್ಬರೂ ಎರಡು ದಿಕ್ಕಿಗೆ ಮುಖ ಮಾಡಿ ಕೂತಿರುತ್ತಿದ್ದರು. ಒಳಗೆ ಮಗ ಬರೆಯುತ್ತಿದ್ದರೆ ಹೊರಗೆ ಅಪ್ಪನ ಕಾವಲು. ಗಂಟೆ ಬಾರಿಸುತ್ತ ಬಂದ ಐಸ್‌ಕ್ಯಾಂಡಿಯವನ ಗಂಟೆಯ ನಾಲಗೆಯನ್ನೇ ಹಿಡಿದು, “ಇನ್ನೊಂದ್ ಸಲ ಒಡುದ್ರೆ ನಿನ್ನ ಡಬ್ಬದಾಗೇ ನಿನ್ನ ಕೂರಿಸ್ತೀನಿ” ಎಂದನಂತೆ. ಎಮ್ಮೆ ಕಳಿಸು ಎಂದ ಮೇಷ್ಟ್ರು ಅದೇ ದಾರಿಯಲ್ಲಿ ಬಂದಾಗ ಮಾತ್ರ ಟವೆಲು ತಲೆಗೆ ಸುತ್ತಿಕೊಂಡು ಆ ಕಡೆ ತಿರುಗಿ ನಿಂತನಂತೆ. ಜಗಳವಾಡಿದರೆ ಅವರು ಮಾರ್ಕು ಕೀಳುತ್ತಾರೆಂಬ ಭಯ.

ಫಲಿತಾಂಶದ ದಿನ ನನ್ನ ಅಪ್ಪ ಯಶವಂತಪುರದಿಂದ ಪತ್ರಿಕೆ ತಂದ. ನಂಜುಂಡಣ್ಣನ ನಂಬರು ಇತ್ತು. ದೊಡ್ಡಮ್ಮ ಅತ್ತಳು. ಅಂಗಳದಲ್ಲಿ ನೆರೆಹೊರೆಯವರು ಸೇರಿದರು. ಆಣೆ ತೀರಿತ್ತು. ಎಲ್ಲರೂ ದೊಡ್ಡಪ್ಪನ ಬಾಯನ್ನೇ ನೋಡುತ್ತಿದ್ದರು, ನಂಜುಂಡಣ್ಣನೂ ಸಹ. ದೊಡ್ಡಪ್ಪ ಮಗನ ಎದುರು ಬಂದು ನಿಂತ. ಬಾಯಿ ತೆರೆದ. ಆಮೇಲೆ ಸರಸರನೆ ಕೊಟ್ಟಿಗೆಗೆ ನಡೆದು, “ಪಾಸಾದ್ವಿ ಕಣೆ ಚೌಡಿ,” ಅಂದ.

ನಂಜುಂಡಣ್ಣ ಹೇಳಿದ ಹಾಗೇ ಮಾಡಿದ. ಕಾರ್ಖಾನೆಗೆ ಸೇರಿ, ಜಾಲಹಳ್ಳಿಯಲ್ಲೇ ರೂಮು ಹಿಡಿದ. ಭಾನುವಾರ ಬರುತ್ತಿದ್ದ. ಬಂದವನು ನೇರ ಕೊಟ್ಟಿಗೆಗೆ. “ಚೌಡಿ, ನಿನ್ ಯಜಮಾನ ಬೀಡಿ ಕಮ್ಮಿ ಮಾಡಿದ್ನಾ?” ಅದಕ್ಕೆ ದೊಡ್ಡಪ್ಪ, “ಚೌಡಿ, ಕಾರ್ಖಾನೇಲಿ ಮೂರೊತ್ತೂ ಅನ್ನ ಆಕ್ತಾರಂತಾ ಕೇಳು, ಮೂಳೆ ಬಿಟ್ಕೊಂಡವ್ನೆ.” ಹಾಗೆ ನಾಲ್ಕೈದು ವರ್ಷ ನಡೆಯಿತು. ಇಬ್ಬರಿಗೂ ನೇರ ಮಾತಿನ ದಾರಿ ಮರೆತೇ ಹೋಗಿತ್ತು. ಚೌಡಿ ಮುದಿಯಾಗಿ ಹಾಲು ಬತ್ತಿಸಿಕೊಂಡಾಗ ಮಾರಿಬಿಡು ಎಂದವರಿಗೆಲ್ಲ ದೊಡ್ಡಪ್ಪ ಒಂದೊಂದು ಹೊಸ ಬೈಗುಳ ಹುಡುಕಿ ಕೊಟ್ಟ.

ಒಂದು ಚಳಿಗಾಲ ಚೌಡಿ ಸತ್ತಳು. ತೋಟ ಹೋಗಿರಲಿಲ್ಲ ಇನ್ನೂ. ಸರ್ವೆ ಕಲ್ಲಿನ ಪಕ್ಕದಲ್ಲೇ ಹೂತರು. ಆ ಭಾನುವಾರ ನಂಜುಂಡಣ್ಣ ಬಂದ. ಅಪ್ಪ ಮಗ ಇಬ್ಬರೂ ಬರಿ ಗೂಟದ ಎದುರು ಕೂತರು. ಒಬ್ಬ ಕೆಮ್ಮಿದ, ಒಬ್ಬ ಕಡ್ಡಿ ಮುರಿದ. ದೊಡ್ಡಮ್ಮ ಕೊಟ್ಟ ಮುದ್ದೆ ಉಂಡು, ಹೊತ್ತು ಮುಳುಗುವ ಮುಂಚೆ ನಂಜುಂಡಣ್ಣ ಎದ್ದು ಹೋದ. ಅವರ ನಡುವೆ ಒಂದು ಮಾತೂ ಹುಟ್ಟಲಿಲ್ಲ.

ಮುಂದಿನ ಭಾನುವಾರ ಅವನು ಎಂದಿನಂತೆ ಸೈಕಲ್ಲಿನಲ್ಲಿ ಬರಲಿಲ್ಲ. ಯಲಹಂಕದ ಕಡೆಯಿಂದ ನಡೆದುಕೊಂಡು ಬಂದ, ಕಾಲೆಲ್ಲ ಧೂಳು. ಹಿಂದೆ ಹಗ್ಗದ ತುದಿಯಲ್ಲಿ ಒಂದು ಎಮ್ಮೆ ಕರು. ಕೊಟ್ಟಿಗೆಗೆ ಹೋಗಿ ಹಳೆಯ ಗೂಟಕ್ಕೆ ಕಟ್ಟಿದ.

ದೊಡ್ಡಪ್ಪ ಎದ್ದು ಬಂದ. ಕರುವಿನ ಸುತ್ತ ಒಂದು ಸುತ್ತು ಹಾಕಿದ. ಬಾಯಿ ತೆರೆದು ಹಲ್ಲು ನೋಡಿದ, ಕಾಲು ಹಿಡಿದು ನೋಡಿದ. ಆಮೇಲೆ ಅದರ ಮುಖಕ್ಕೆ ಮುಖ ಕೊಟ್ಟು ಹೇಳಿದ:

“ನಿನ್ನ ತಂದೋನು ಇಷ್ಟ್ ಓದಿ ಏನ್ ಬಂತು? ಎಮ್ಮೆ ನೋಡಿ ತರಕ್ಕೂ ಬರಲ್ಲ. ಕೂತ್ಕೊಳಕ್ಕೆ ಯೋಳು, ನಡ್ಕೊಂಡ್ ಬಂದವ್ನೆ.”