ಮಕ್ತಲದಲ್ಲಿ ಉಲ್ಟಾ ತಿರುಗಿದ ಮೋಟರು

ನಾರಾಯಣಪೇಟೆಯಿಂದ ಮಕ್ತಲದ ಮೇಲೆ ಹಾದು ಗದ್ವಾಲಕ್ಕೆ ಹೋದರೆ ಎಪ್ಪತ್ತು ಕಿಲೋಮೀಟರಿನ ಆಜುಬಾಜು. ಬೈಕಿನ ಮೇಲೆ ಎರಡು ತಾಸಿನ ಹಾದಿ. ನನಗೆ ಹತ್ತು ತಾಸು ಹಿಡಿಯಿತು. ತಪ್ಪು ರಸ್ತೆಯದಲ್ಲ. ತೆಲಂಗಾಣ ಆದಮೇಲೆ ರಸ್ತೆಗಳಿಗೆ ಅಷ್ಟೇನೂ ಹೆಸರಿಡುವ ಹಾಗಿಲ್ಲ. ತಪ್ಪು ಯಾರದು ಅನ್ನುವುದನ್ನು ಮುಂದೆ ಹೇಳುತ್ತೇನೆ, ಮುಚ್ಚಿಡುವುದೇನಿದೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಿಟ್ಟೆ. ಗದ್ವಾಲದಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮಗಳು ಮಲ್ಲವ್ವನನ್ನು ರಾಜೋಳಿಗೆ ಕೊಟ್ಟಿತ್ತು. ಗಂಡ ಎರಡು ಸಲ ಕೈ ಎತ್ತಿದ ಅಂತ ಹುಡುಗಿ ತವರಿಗೆ ಬಂದು ಆರು ತಿಂಗಳಾಗಿತ್ತು. ಅಲ್ಲೇ ಒಂದು ಮಗ್ಗದ ಮನೆಯಲ್ಲಿ ಸೀರೆಯ ಒಡಲಿಗೆ ರೇಷ್ಮೆ ಅಂಚು ಕೂಡಿಸುವ ಕೆಲಸ ಕಲಿತಿದ್ದಳು. ಈಗ ಗಂಡನ ಕಡೆಯವರು ಕರೆದೊಯ್ಯಲು ಬರುವವರಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕನ ಪಡಸಾಲೆಯಲ್ಲಿ ಹಿರಿಯರು ಕೂಡುವುದು ಅಂತ ಮಾತಾಗಿತ್ತು. ನಮ್ಮ ಮನೆತನಗಳಲ್ಲಿ ಇಂಥ ಮಾತು ಕುಲದೇವರು ಬೀರಪ್ಪನ ಹೆಸರು ಹೇಳಿ ಹಾಸಿದ ಕರೇ ಕಂಬಳಿಯ ಮೇಲೆಯೇ ಆಗಬೇಕು. ಹೆಣ್ಣಿನ ಪರವಾಗಿ ಮಾತಾಡುವವನು ಸೋದರಮಾವ. ಅವನು ಬಂದು ಕೂಡದೆ ಮಾತು ಸುರುವಾಗುವುದಿಲ್ಲ. ಆ ಸೋದರಮಾವ ನಾನೇ.

ಏನು ಹೇಳಬೇಕು ಅನ್ನುವುದನ್ನೂ ನಾನು ಮನಸ್ಸಿನಲ್ಲಿ ಜೋಡಿಸಿಕೊಂಡೇ ಹೊರಟಿದ್ದೆ. ಅಳಿಯನಿಗೆ ಹಿರಿಯರ ಮುಂದೆ ನಾಲ್ಕು ಮಾತು ಗಟ್ಟಿಯಾಗಿ ಬೈದು, ಆಮೇಲೆ ಹುಡುಗಿಗೆ “ಹೊಂದಿಕೊಂಡು ಹೋಗವ್ವ” ಅಂದು ಕಳಿಸುವುದು. ಎಲ್ಲ ಸೋದರಮಾವಂದಿರು ಹೇಳುವುದು ಅದನ್ನೇ. ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಎಂಟರ ಹೊತ್ತಿಗೆ ಮಕ್ತಲ ಮುಟ್ಟಿ, ಬಸ್‌ಸ್ಟ್ಯಾಂಡಿನ ಎದುರಿಗೆ ಮಂಡಾಳ ಒಗ್ಗರಣಿ, ಎರಡು ಮಿರ್ಚಿ, ಒಂದು ಚಹಾ ತೆಗೆದುಕೊಂಡೆ. ನಲವತ್ತೈದು ರೂಪಾಯಿ. ಮಿರ್ಚಿ ಬಿಸಿ ಇತ್ತು, ಚಹಾ ಇರಲಿಲ್ಲ. ಹೊರಗೆ ಬಂದು ಬೈಕಿನ ಸೆಲ್ಫ್ ಒತ್ತಿದರೆ ಟಕ್ ಅಂತು, ಸುಮ್ಮನಾಯಿತು. ಹತ್ತು ಸಲ ಒತ್ತಿದೆ, ಹತ್ತು ಸಲವೂ ಟಕ್. ನನ್ನದು ಕಿಕ್ ಇಲ್ಲದ ಬೈಕು. ಹೋದ ವರ್ಷ ಬಾವಿಯ ಮೆಟ್ಟಿಲಲ್ಲಿ ಜಾರಿ ಬಲಮೊಣಕಾಲಿಗೆ ರಾಡು ಹಾಕಿಸಿಕೊಂಡಾಗಿನಿಂದ ಒಬ್ಬನೇ ತಳ್ಳಿಕೊಂಡು ಓಡಿ ಚಾಲೂ ಮಾಡುವ ಮಾತೂ ಇಲ್ಲ.

ಸನಿಹದ ಮೆಕ್ಯಾನಿಕ್ ಖಾಜಾನ ಅಂಗಡಿ ಒಂಬತ್ತೂವರೆಗೆ ತೆರೆಯಿತು. ಮೂವತ್ತೈದರ ಮನುಷ್ಯ, ಮಾತು ಕಡಿಮೆ. ಸ್ಟಾರ್ಟರ್ ಮೋಟರು ಬಿಚ್ಚಿ ಮೂಸಿ ನೋಡಿದ.

“ಜಲ್ ಗಯಾ ಕಾಕಾ. ಒಳಗ ಪೂರಾ ಸುಟ್ಟೈತಿ. ಬ್ಯಾರೇದ್ದು ಹಾಕಬೇಕು.”

“ಎಷ್ಟು?”

“ಒರಿಜಿನಲ್ ಎರಡೂವರೆ ಸಾವಿರ. ಇಲ್ಲಿ ಸಿಗಂಗಿಲ್ಲ, ಗದ್ವಾಲದಾಗ ಸಿಗತೈತಿ. ನಾಕ್ ಮಂದಿ ತಳ್ಳಿ ಚಾಲೂ ಮಾಡಿ ಕೊಡ್ತೀವಿ. ನಡುವ ಬಂದ್ ಮಾಡಬ್ಯಾಡ್ರಿ, ಸೀದಾ ಹೋಗಿ ಅಲ್ಲೇ ಹಾಕಸ್ರಿ.”

ಇದಕ್ಕಿಂತ ಒಳ್ಳೆಯ ಸಲಹೆ ಆ ದಿನ ನನಗೆ ಯಾರೂ ಕೊಡಲಿಲ್ಲ. ಆದರೆ ನನ್ನ ತಲೆಯಲ್ಲಿ ಬೇರೆಯೇ ಚಿತ್ರ ಬಂತು. ಮಾತು ಮುಗಿದ ಮೇಲೆ ಬೀಗರು ಹೊರಗೆ ನಿಂತಿರುತ್ತಾರೆ, ಹೆಣ್ಣಿನ ಸೋದರಮಾವ ಬೈಕಿನ ಮೇಲೆ ಕೂತಿರುತ್ತಾನೆ, ಓಣಿಯ ಮಂದಿ ಹಿಂದಿನಿಂದ ನೂಕುತ್ತಿರುತ್ತಾರೆ. ಥೂ, ಮರ್ಯಾದೆ ಏನು ಉಳಿಯಿತು! “ಇಲ್ಲೇ ಏನರ ಮಾಡಪ್ಪ” ಅಂದೆ. ಖಾಜಾ ಕಪಾಟಿನಿಂದ ಒಂದು ಬಿಳಿ ಡಬ್ಬಿ ತೆಗೆದ. ಮೇಲೆ ಹೆಸರಿಲ್ಲ, ಊರಿಲ್ಲ. ಏಳುನೂರು ರೂಪಾಯಿ. “ಗ್ಯಾರಂಟಿ ಇಲ್ಲ ಕಾಕಾ, ಮೊದಲಽ ಹೇಳೀನಿ” ಅಂದ. ಅಗ್ಗ ಅಂತ ಮುಗ್ಗಿದ ಜೋಳ ತಂದವರ ಗಾದೆ ನನಗೂ ಗೊತ್ತು. ಆದರೂ ಹಾಕು ಅಂದೆ.

ಹಾಕುವ ಹೊತ್ತಿಗೆ ಹನ್ನೊಂದೂವರೆ ಆಯಿತು. ಬೋಲ್ಟಿನ ತೂತು ಸರಿಯಾಗಿ ಕೂಡಲಿಲ್ಲ, ಕಾನಸಿನಿಂದ ಉಜ್ಜಿ ದೊಡ್ಡದು ಮಾಡಿ ಕೂಡಿಸಿದ. ಸೆಲ್ಫ್ ಒತ್ತಿದೆ. ಮೋಟರು ಝುಯ್ ಅಂತ ಚೆನ್ನಾಗಿ ತಿರುಗಿತು, ಎಂಜಿನ್ ಮಾತ್ರ ಕದಲಲಿಲ್ಲ. ಖಾಜಾ ಕಿವಿಗೊಟ್ಟು ಕೇಳಿ, ಮೋಟರು ಎಂಜಿನನ್ನು ಹಿಡಿಯುವ ಒಳಗಿನ ಕ್ಲಚ್ಚೇ ಸವೆದಿರಬೇಕು, ಎಂಜಿನ್ ಬಿಚ್ಚಬೇಕು, ಸಂಜೆ ಆಗುತ್ತದೆ ಅಂದ.

ಅಷ್ಟರಲ್ಲಿ ಅಕ್ಕನ ಫೋನು. “ಎಲ್ಲಿದ್ದೀಯೋ ತಮ್ಮ? ಹಿರೇರು ಬಂದಾರ, ಕಂಬಳಿ ಹಾಸೇನಿ.”

“ಮಕ್ತಲದಾಗ ಗಾಡಿ ಕೆಟ್ಟೈತಕ್ಕ. ಫೋನಿನ್ಯಾಗಽ ಮಾತಾಡ್ತೀನಿ, ಹಿರೇರ ಕೈಯಾಗ ಕೊಡು.”

ಫೋನು ಅವರ ಕೈಗೆ ಹೋಗಲಿಲ್ಲ. ಹಿರಿಯರೊಬ್ಬರು ದೂರದಿಂದಲೇ ಅಂದದ್ದು ನನಗೆ ಕೇಳಿಸಿತು: “ಫೋನು ಕಂಬಳಿ ಮ್ಯಾಲ ಕುಂದರತೈತೇನು? ಮನಷ್ಯಾ ಬರ್ಲಿ.”

“ಗದ್ವಾಲಕ್ಕ ಬಸ್ಸೈತಲ್ಲ ಕಾಕಾ, ಹೋಗ್ರಿ. ಗಾಡಿ ಇಲ್ಲೇ ಇರ್ಲಿ” ಅಂದ ಖಾಜಾ. ಅದೂ ಸರಿಯಾದ ಮಾತೇ. ಆದರೆ ಅವನು ಸಂಜೆ ಅಂದಿದ್ದರೂ ನಾನು ಇನ್ನು ಅರ್ಧ ತಾಸಿನಲ್ಲಿ ಆದೀತು ಅಂದುಕೊಂಡೆ. ಆ ಅರ್ಧ ತಾಸನ್ನು ನಾನು ಅಂದು ಐದು ಸಲ ಅಂದುಕೊಂಡಿದ್ದೇನೆ.

ಶುಕ್ರವಾರವಾದ್ದರಿಂದ ಒಂದರ ಸುಮಾರಿಗೆ ಖಾಜಾ ಕೈ ತೊಳೆದು ನಮಾಜಿಗೆ ಹೊರಟ. “ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ” ಅಂತ ಹೇಳಿಯೇ ಹೋದ. ಬಿಸಿಲು ತಗಡನ್ನು ಕಾಯಿಸುತ್ತಿತ್ತು. ಕೂತು ಕೂತು ಬೇಸರವಾಗಿ ಎಂಜಿನ್ ಬಿಚ್ಚುವ ಮುನ್ನ ಖಾಜಾ ಕಳಚಿಟ್ಟಿದ್ದ ಹೊಸ ಮೋಟರನ್ನು ಬ್ಯಾಟರಿಗೆ ಮುಟ್ಟಿಸಿ ನೋಡಿದೆ. ಅದರ ತುದಿಯ ಹಲ್ಲಿನ ಗಾಲಿ ಎಡಕ್ಕೆ ತಿರುಗಿತು. ಸುಟ್ಟ ಹಳೆಯ ಮೋಟರಿನ ಮೈಮೇಲೆ ಬಾಣದ ಗುರುತಿತ್ತು, ಬಲಕ್ಕೆ! ಅಬ್ಬಾ, ಕ್ಲಚ್ಚು ಸವೆದೇ ಇರಲಿಲ್ಲ. ಅದು ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚು, ಮೋಟರು ಉಲ್ಟಾ ತಿರುಗುತ್ತಿತ್ತು.

ಕೊತ್ತಪಲ್ಲಿ ಹತ್ತಿರ ನನಗೆ ನಾಲ್ಕೆಕರೆ ಹೊಲ ಇದೆ, ಒಂದು ಬೋರು ಇದೆ. ಲೈನ್‌ಮನ್ ಕಂಬ ಹತ್ತಿ ಇಳಿದನೆಂದರೆ ಒಮ್ಮೊಮ್ಮೆ ಬೋರಿನ ಮೋಟರು ಉಲ್ಟಾ ತಿರುಗಿ ನೀರು ತೊಟ್ಟಿಕ್ಕುತ್ತದೆ. ಆಗ ಯಾರನ್ನೂ ಕರೆಯುವುದಿಲ್ಲ. ಡಬ್ಬಿ ತೆರೆದು ಎರಡು ವೈರು ಅದಲುಬದಲು ಮಾಡುತ್ತೇವೆ, ಮೋಟರು ಸುಲ್ಟಾ ಆಗುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳೂ ಮಾಡುವ ಕೆಲಸ ಇದು. ಮೋಟರನ್ನು ಜಾಗದಲ್ಲಿ ಕೂಡಿಸಿ ಬೋಲ್ಟು ಬಿಗಿದೆ. ಬ್ಯಾಟರಿಯ ಕೆಂಪು ವೈರು ಬಿಚ್ಚಿ ಕರಿಯ ಜಾಗಕ್ಕೆ, ಕರಿಯದನ್ನು ಕೆಂಪಿನ ಜಾಗಕ್ಕೆ ಹಚ್ಚಿದೆ. ಚಟ್ ಅಂತ ಕಿಡಿ ಹಾರಿತು. ಆಮೇಲೆ ದೀಪವಿಲ್ಲ, ಹಾರ್ನಿಲ್ಲ, ಟಕ್ ಅನ್ನುವ ಸದ್ದೂ ಇಲ್ಲ. ಮಾಡಿದ್ದುಣ್ಣೋ ಮಹರಾಯ.

ಎರಡಕ್ಕೆ ತಿರುಗಿ ಬಂದ ಖಾಜಾ ಬೈಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ಬೋರ್ ಐತೇನ್ರಿ ನಿಮ್ದು?” ಅಂದ. ಐತಿ ಅಂದೆ. “ನಿಮ್ಮ ಕಡೀ ರೈತರು ತಿಂಗಳಿಗೆ ಒಬ್ಬರರ ಹಿಂಗ ಮಾಡ್ತಾರ” ಅಂದು ಫ್ಯೂಜು ಹುಡುಕಲು ಹೋದ. ಮುಖ ನೋಡಿದರೆ ನಗುತ್ತಿದ್ದನೋ ಬೈಯುತ್ತಿದ್ದನೋ ಹೇಳುವುದು ಕಷ್ಟವಿತ್ತು.

ಮೋಟರನ್ನು ಮತ್ತೆ ಬಿಚ್ಚಿ, ಮೂರು ಅಂಗಡಿ ಆಚೆ ಮೋಟರು ಸುತ್ತುವ ನರಸಿಂಹುಲು ಎಂಬ ಮುದುಕನ ಹತ್ತಿರ ಒಯ್ದೆವು. ಆತ ಕನ್ನಡಕ ಏರಿಸಿ, ಬೆರಳಲ್ಲಿ ಹಲ್ಲು ತಿರುಗಿಸಿ, “ಇದಿ ವೇರೇ ಬಂಡಿದಿ” ಅಂದ. ಬೇರೆ ಗಾಡಿಯ ಮೋಟರು. ನನ್ನ ಸಾಹಸ ಕೇಳಿ ಕನ್ನಡಕ್ಕೆ ಬಂದ: “ನಿಮ್ಮ ಬುದ್ಧಿ ಖರೇ ಐತ್ರೀ ಯಜಮಾನ್ರಽ. ತಿರುವಬೇಕಾದ್ದು ಹೌದು. ಆದ್ರ ಮೋಟರಿನ ಹೊಟ್ಟಿ ಒಳಗ ತಿರುವಬೇಕು, ಬ್ಯಾಟರ‍್ಯಾಗ ಅಲ್ಲ.” ಅಯಸ್ಕಾಂತದ ಹೊರಕೋಶವನ್ನು ಅರ್ಧ ಸುತ್ತು ತಿರುವಿ ಕೂಡಿಸಿದ, ಅಷ್ಟೇ. ಹತ್ತು ನಿಮಿಷದ ಕೆಲಸ. ಐವತ್ತು ರೂಪಾಯಿ ಕೊಟ್ಟರೆ ಮೂವತ್ತು ಸಾಕು ಅಂದ. ಮೋಟರು ಬಲಕ್ಕೆ ತಿರುಗಿತು.

ಹೊಸ ಫ್ಯೂಜು ಹಾಕಿ ಎಂಜಿನ್ ಎದ್ದಾಗ ಮೂರೂವರೆ. ಅಕ್ಕ ಫೋನು ಎತ್ತುವುದನ್ನು ಬಿಟ್ಟಿದ್ದಳು. ಜುರಾಲಾ ಅಣೆಕಟ್ಟೆಯ ಹತ್ತಿರ ಹುರಿದ ಮೀನಿನ ವಾಸನೆ ರಸ್ತೆಯ ತನಕ ಬರುತ್ತಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು, ಆದರೂ ಗಾಡಿ ನಿಲ್ಲಿಸುವ ಧೈರ್ಯವಾಗಲಿಲ್ಲ. ಬಾಗಿಲಿನಿಂದ ನೀರು ಬಿಟ್ಟಿರಲಿಲ್ಲ, ಕೆಳಗೆ ಬರೀ ಬಂಡೆ.

ಐದಕ್ಕೆ ಗದ್ವಾಲ. ಅಕ್ಕನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅಕ್ಕ ಕಂಬಳಿ ಝಾಡಿಸಿ ಮಡಚುತ್ತಿದ್ದಳು. ನನ್ನ ಮುಖ ನೋಡಲಿಲ್ಲ. “ಆತು, ಎಲ್ಲಾ ಆತು. ನಿನ್ನ ಸೊಸೀನ್ನ ಕೇಳು” ಅಂದಳು. ಮಲ್ಲವ್ವ ನೀರು ತಂದುಕೊಟ್ಟಳು, ನಿಂತೇ ಹೇಳಿದಳು.

“ಎರಡರ ತನಕ ನಿನ್ನ ಹಾದಿ ನೋಡಿದ್ರು ಮಾವ. ಸೋದರಮಾವ ಇಲ್ಲಂದ್ರ ಮಾತಿಲ್ಲ, ಹುಡುಗೀನ್ನ ಕರಕೊಂಡು ಹೋಗ್ತೀವಿ ಅಂತ ಗಂಡನ ಕಡೆಯವರು ಎದ್ದ್ರು. ನಾ ಹೋಗಿ ನಿನ್ನ ಜಾಗಾದಾಗ ಕುಂತೆ. ಅವ್ವ ಏಳು ಏಳು ಅಂದ್ಲು. ಏಳಲಿಲ್ಲ. ಹೊಡಿಯೋ ಮನೀಗೆ ಬರಂಗಿಲ್ಲ, ನನ್ನ ಅನ್ನ ನನ್ನ ಕೈಯಾಗೈತಿ ಅಂದೆ. ಹಿರೇರು, ಇದು ಕಂಬಳಿ ಮ್ಯಾಲ ಕುಂತು ಆಡಿದ ಮಾತು, ಮುರಿಯಾಕ ಬರಂಗಿಲ್ಲ ಅಂದ್ರು.”

ಅಂದು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಹೊರಡುವಾಗ ಮಲ್ಲವ್ವ ಮಗ್ಗದ ಮನೆಗೆ ಹೊರಟವಳು ಬೈಕಿನ ಹತ್ತಿರ ನಿಂತಳು.

“ನೀ ಹೊತ್ತಿಗೆ ಬಂದಿದ್ರ ಏನಂತಿದ್ದಿ ಮಾವ?”

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. “ಹೋಗವ್ವ ಅಂತಿದ್ದೆ” ಅಂದೆ.

ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಸೆರಗು ಸರಿಮಾಡಿಕೊಂಡು, “ನೀ ಅಂದಿದ್ರ ನಾ ಹೋಗ್ತಿದ್ದೆ” ಅಂದಳು. ಕೆಲಸಕ್ಕೆ ಹೊತ್ತಾಗಿತ್ತು, ಓಣಿಯ ತಿರುವಿನಲ್ಲಿ ಬಿರಬಿರ ನಡೆದು ಹೋದಳು. ನಾನು ಸೆಲ್ಫ್ ಒತ್ತಿ ಮಕ್ತಲದ ಹಾದಿ ಹಿಡಿದೆ.