ಫೋರ್‌ಮನ್ನರ ಎಡಗಾಲಿನ ಬೂಟು

ಮೊನ್ನೆ ಅಂಗಡಿಯ ಅಟ್ಟ ಖಾಲಿ ಮಾಡಿಸುತ್ತಿದ್ದಾಗ ಒಂದು ಹಳೆಯ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ನೆನೆದ ಕಂಬಳಿ ಒಣಗಿದ ಮೇಲೆ ಬರುವಂಥ ವಾಸನೆ. ಒಳಗಿದ್ದದ್ದು ಬೂದು ಬಣ್ಣದ ಒಂದು ಉಣ್ಣೆಯ ತುಂಡು. ನೇಯ್ದದ್ದಲ್ಲ, ಒತ್ತಿ ಒತ್ತಿ ರೊಟ್ಟಿಯ ಹಾಗೆ ಮಾಡಿದ್ದು. ಒಂದು ಕಡೆ ಕತ್ತರಿ ಆಡಿಸಿದ ಗುರುತು. ಕತ್ತರಿಸಿಕೊಂಡ ಭಾಗ ಎಲ್ಲಿಗೆ ಹೋಯಿತು ಎಂದು ತಿಳಿದವನು ಈಗ ನಾನೊಬ್ಬನೇ...

ಆ ಉಣ್ಣೆ ರಷ್ಯಾದ್ದು. ತಂದವರು ನಮ್ಮ ಅಂಗಡಿಯ ಹಿಂಬದಿಯ ಮನೆಯ ಫೋರ್‌ಮನ್ನರು.

ಆಗ ದುರ್ಗಿಗುಡಿಯಲ್ಲಿ ನನ್ನ ಚಪ್ಪಲಿ ಅಂಗಡಿ ಹೊಸದು. ಬಸ್‌ಸ್ಟ್ಯಾಂಡಿನ ಹತ್ತಿರ ಗೋಣಿಚೀಲ ಹಾಸಿ ಟೈರಿನ ಚಪ್ಪಲಿ ಮಾರುತ್ತಿದ್ದವನು ಬಾಗಿಲಿರುವ ಅಂಗಡಿಗೆ ಬಂದಿದ್ದೆ. ಹೊಲಿಗೆಯೂ ನನ್ನದೇ, ವ್ಯಾಪಾರವೂ ನನ್ನದೇ. ಫೋರ್‌ಮನ್ನರು ದಿನಾ ಬೆಳಗಿನ ರೈಲಿಗೆ ಭದ್ರಾವತಿಗೆ ಹೋಗುತ್ತಿದ್ದರು, ಅಲ್ಲಿನ ಒಂದು ಕಾರ್ಖಾನೆಯ ಎರಕದ ವಿಭಾಗಕ್ಕೆ. ಹೊಸ ಕುಲುಮೆಯೊಂದು ಬರುವುದಿತ್ತು. ಅದರ ಕೆಲಸ ಕಲಿತು ಬರಲು ರಷ್ಯಾಕ್ಕೆ ಹೋಗಬೇಕು ಎಂದಾಗ ಆಯ್ಕೆಯಾದವರು ಅವರು. ಹೊರಡುವ ಮುಂಚೆ ಬೂಟು ಕೊಳ್ಳಲು ನನ್ನಲ್ಲಿಗೇ ಬಂದರು, ಅದೂ ಬೆಳಗ್ಗೆ.

"ಸಂಜೆ ಬನ್ನಿ," ಅಂದೆ. ನೀವೂ ನೆನಪಿಟ್ಟುಕೊಳ್ಳಿ, ಬೂಟು ಕೊಳ್ಳುವುದಾದರೆ ಸಂಜೆ ಕೊಳ್ಳಬೇಕು. ಬೆಳಗ್ಗೆಯ ಕಾಲಿಗೆ ಕೊಂಡದ್ದು ಸಂಜೆ ಊದಿದ ಕಾಲನ್ನು ಕಚ್ಚುತ್ತದೆ. ಅವರು ಸಂಜೆ ಬಂದರು. ನಾನು ಹೇಳಿದ ಬೆಲೆಗೇ ಕೈ ಜೇಬಿಗೆ ಹೋಯಿತು.

"ಚೌಕಾಶಿ ಮಾಡಿ ಸ್ವಾಮಿ. ಪರದೇಶಕ್ಕೆ ಹೋಗೋರು, ಇಲ್ಲೇ ಕಲ್ತುಕೊಳ್ಳಿ."

"ನೀನೇ ಎಷ್ಟು ಕಡಿಮೆ ಮಾಡ್ಬೇಕು ಅಂತ ಹೇಳು ಮಾರಾಯ," ಅಂದರು ನಗುತ್ತ. "ಕಿಡಿ ಒಳಗೆ ಬಿದ್ರೆ ಬೇಗ ಬಿಚ್ಚೋ ಹಾಗಿರ್ಲಿ, ಅಷ್ಟೇ ನನಗೆ."

ಹೋದವರು ಮರುವರ್ಷ ಬಂದರು. ಕೈಚೀಲದ ತುಂಬ ಚಿತ್ರದ ಕಾರ್ಡುಗಳು. ಸಂಜೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಕೈಯಿಂದ ಕೈಗೆ ಕೊಡುತ್ತಿದ್ದರು. ಈರುಳ್ಳಿ ಗೆಡ್ಡೆಗೆ ಚಿನ್ನದ ರೇಕು ಹೊದಿಸಿ ಆಕಾಶಕ್ಕೆ ನಿಲ್ಲಿಸಿದಂಥ ಚರ್ಚುಗಳು. ರಾಜರ ಅರಮನೆಯನ್ನೇ ಮ್ಯೂಸಿಯಂ ಮಾಡಿ, ಕೂಲಿಯವರೂ ಸಾಲಾಗಿ ನಿಂತು ನೋಡುವ ದೊಡ್ಡ ದೊಡ್ಡ ಪಟಗಳು, ಹಸಿರು ಕಲ್ಲಿನ ಹೂಜಿಗಳು. ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾಸ್ಕೋದ ಕೋಟೆಯೊಳಗೆ ನೆಲದ ಮೇಲೆ ಕೂತಿರುವ ಒಂದು ಒಡೆದ ಗಂಟೆ. ನಮ್ಮ ಅಂಗಡಿಯೇ ಅದರೊಳಗೆ ಹಿಡಿಸುತ್ತದಂತೆ.

"ಬಾರಿಸ್ದೇ ಇರೋ ಗಂಟೆ ಯಾಕೆ ಎರಕ ಹೊಯ್ದ್ರು?" ಪಕ್ಕದ ಹೋಟೆಲಿನವರು ಕೇಳಿದರು.

"ಬಾರಿಸ್ಬೇಕು ಅಂತಲೇ ಹೊಯ್ದಿದ್ದು. ಸುತ್ತ ಬೆಂಕಿ ಬಿತ್ತು, ಕಾದಿದ್ದರ ಮೇಲೆ ನೀರು ಹೊಯ್ದ್ರು, ಸೀಳ್ತು. ಎರಕದೋರು ಯಾರೂ ಹತ್ರ ಇರ್ಲಿಲ್ಲ ಅಂತ ಕಾಣುತ್ತೆ."

"ನೀವು ಹೋಗೋದು ತಡವಾಯ್ತು ಬಿಡಿ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆದರೆ ಒಂದು ಕಾರ್ಡು ಬಂದಾಗ ಮಾತ್ರ ಮಾತಿಲ್ಲದೆ ಮುಂದಿನದನ್ನು ತೆಗೆಯುತ್ತಿದ್ದರು. ನದಿಯ ದಂಡೆಯ ಮೇಲೆ ಹಿಮದಲ್ಲಿ ನಿಂತ ಒಂದು ಬಿಳಿ ಚರ್ಚು.

ಒಂದು ಸಂಜೆ ಉಳಿದವರೆಲ್ಲ ಎದ್ದು ಹೋದ ಮೇಲೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. "ಬಾಗಿಲು ಸ್ವಲ್ಪ ಮುಂದೆ ಮಾಡು," ಅಂದರು. ಎಡಗಾಲಿನ ಬೂಟು ತೆಗೆದರು. ಕಾಲುಚೀಲದ ತುದಿ ಖಾಲಿಯಾಗಿ ಜೋತುಬಿದ್ದಿತ್ತು. ಹೆಬ್ಬೆರಳಿರಲಿಲ್ಲ, ಪಕ್ಕದ್ದೂ ಇರಲಿಲ್ಲ.

ಭಾನುವಾರಗಳಲ್ಲಿ, ಬೇರೆ ಬೇರೆ ದೇಶಗಳಿಂದ ಕಲಿಯಲು ಬಂದವರನ್ನೆಲ್ಲ ಊರು ತೋರಿಸಲು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರಂತೆ. ಆ ದಿನ ಮೊದಲು ಆ ಬಿಳಿ ಚರ್ಚು. ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ಹೋದರು. ಇವರು ಮೆಟ್ಟಿಲ ಮೇಲೆ ಬಿಚ್ಚಿಟ್ಟರು.

"ಗುಡಿ ಅಲ್ವಾ, ಕೈ ತಾನಾಗೇ ಹೋಯ್ತು."

"ಕಾಲುಚೀಲಾನೂ?"

"ಅದೂ ಬೂಟಿನ ಚರ್ಮ ತಾಗಿದ್ದೇ ಅಲ್ವಾ."

ಒಳಗೆ ಗೋಡೆಯಿಂದ ಸೂರಿನ ತನಕ ಸಂತರ ಚಿತ್ರಗಳು, ದೀಪದ ಮಸಿ ಹಿಡಿದು ಕಪ್ಪಾದವು. ದೀಪ ಮಾತ್ರ ಒಂದೂ ಇಲ್ಲ. ಪೂಜೆ ನಿಂತು ಎಷ್ಟೋ ಕಾಲವಾಗಿತ್ತು, ಅದೂ ಈಗ ಟಿಕೆಟ್ಟಿನ ಮ್ಯೂಸಿಯಂ. ಹೊರಗೆ ಬರುವಷ್ಟರಲ್ಲಿ ಹಿಮ ಸುರಿದು ಬೂಟಿನ ತುಂಬ ತುಂಬಿಕೊಂಡಿತ್ತು. ಬಸ್ಸು ಹೊರಟು ನಿಂತಿದೆ. ಆ ಒಡೆದ ಗಂಟೆಯ ಮುಂದೆ ತಡಮಾಡಿದ್ದಕ್ಕೆ ಗೈಡಮ್ಮ ಹಿಂದಿನ ವಾರವೇ ಬೈದಿದ್ದಳು. ಬೂಟು ಕೊಡವಿ ಹಾಗೇ ಹಾಕಿಕೊಂಡು ಸುಮ್ಮನೆ ಹತ್ತಿದರು. ಆಮೇಲೆ ಅರಮನೆ. ಅಲ್ಲಿ ಬಣ್ಣಬಣ್ಣದ ಮರ ಕೂಡಿಸಿ ರಂಗೋಲಿಯಂತೆ ನೆಲ ಮಾಡಿದ್ದಾರೆ, ಗೀಚಬಾರದೆಂದು ಬೂಟಿನ ಮೇಲೇ ಉಣ್ಣೆಯ ಚಪ್ಪಲಿ ಕಟ್ಟುತ್ತಾರೆ. ಕಟ್ಟಿಸಿಕೊಂಡು ಕೋಣೆ ಕೋಣೆ ನೋಡಿದರು.

"ಮೊದ್ಲು ತುಂಬ ನೋವಿತ್ತು. ನಿಂತ್ಹೋಯ್ತು. ಒಳ್ಳೇದಾಯ್ತು ಅಂದ್ಕೊಂಡೆ ಮಾರಾಯ."

ಹೊರಗೆ ಬಂದು ಬಲಗಾಲಿನ ಉಣ್ಣೆಚಪ್ಪಲಿ ಬಿಚ್ಚಿಕೊಟ್ಟವರಿಗೆ ಎಡಗಾಲಿನಲ್ಲಿ ಇನ್ನೊಂದಿದೆ ಎಂಬುದೇ ತಿಳಿಯಲಿಲ್ಲ. ಅದನ್ನು ಬಿಚ್ಚಿದವರು ಆಸ್ಪತ್ರೆಯವರು, ಹಿಮದಲ್ಲಿ ಸತ್ತುಹೋದ ಎರಡು ಬೆರಳನ್ನು ತೆಗೆದವರೂ ಅವರೇ. ಊರಿಗೆ ಜ್ವರ ಎಂದಷ್ಟೇ ಸುದ್ದಿ ಹೋಗುವಂತೆ ಇವರು ನೋಡಿಕೊಂಡರು. ನಿಜ ಗೊತ್ತಿದ್ದದ್ದು ಹೆಂಡತಿಗೆ, ಆ ಸಂಜೆಯಿಂದ ನನಗೆ.

ನನ್ನ ಬುದ್ಧಿಗೆ ತೋಚಿದ್ದನ್ನು ಹೇಳಿದೆ. "ನಾಳೇನೇ ಸಾಹೇಬರ ಹತ್ರ ಹೋಗಿ ಹೇಳ್ಬಿಡಿ. ಆ ಕೆಲ್ಸ ಕಲ್ತು ಬಂದಿರೋರು ನೀವೊಬ್ರೇ, ಈಗ ಸರಕು ನಿಮ್ಮ ಕೈಲಿದೆ. ಹುಡುಗ್ರಿಗೆ ಕಲಿಸೋ ಕೆಲ್ಸ ಕೊಡಿ ಅನ್ನಿ. ಅವರಾಗೇ ಕಂಡುಹಿಡಿದ ದಿನ ನಿಮ್ಮ ಮಾತಿಗೆ ಬೆಲೆ ಇರಲ್ಲ."

"ಕುಲುಮೆ ನೋಡ್ಕೊಂಡು ಬಾ ಅಂದ್ರೆ ಚರ್ಚ್ ನೋಡೋಕೆ ಹೋಗಿ ಬೆರಳು ಕಳ್ಕೊಂಡ ಅಂತಾರೆ. ಅದಾದ್ರೂ ಅನ್ಲಿ. ಕಾಲು ಸರಿಯಿಲ್ದೋನ್ನ ಕುಲುಮೆ ಮುಂದೆ ನಿಲ್ಸಲ್ಲ. ಅದರ ಮುಂದೆ ನಿಲ್ಬೇಕು ಅಂತಲೇ ಅಲ್ವಾ ನಾನು ಹೋಗಿದ್ದು?"

ಬೂಟನ್ನು ನನ್ನ ಮುಂದೆ ಎಳೆದುಕೊಂಡೆ. ಅವರ ಮನೆಯಿಂದ ಆ ಉಣ್ಣೆಚಪ್ಪಲಿಯನ್ನೇ ತರಿಸಿ, ಕತ್ತರಿಸಿ, ಬೂಟಿನ ಮೂತಿಯೊಳಗೆ ಬಿಗಿಯಾಗಿ ತುಂಬಿ ಹೊಲಿದುಕೊಟ್ಟೆ. ಹಾಕಿಕೊಂಡು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದರು. ಕುಂಟು ಕಾಣಲಿಲ್ಲ. ಕುಲುಮೆಗೆ ಬೆಂಕಿ ಹಾಕಿದ ದಿನ ಅವರ ಮನೆಯಿಂದ ನಮಗೆ ಹೋಳಿಗೆ ಬಂತು.

ಹೋಳಿಗೆ ತಿಂದೆ. ಸಮಾಧಾನ ಮಾತ್ರ ಇರಲಿಲ್ಲ. ಕಾದ ಲೋಹ ಸಿಡಿದರೆ ಥಟ್ಟನೆ ಹಿಂದಕ್ಕೆ ಹಾರಬೇಕು, ಹಾರಲು ಹೆಬ್ಬೆರಳು ಬೇಕು. ಸಂಜೆಯ ರೈಲು ತಡವಾದ ದಿನಗಳಲ್ಲಿ ಗಿರಾಕಿ ಕೂತಿದ್ದರೂ ನನ್ನ ಕಣ್ಣು ರಸ್ತೆಯ ಕಡೆಗೇ... ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ನಿಂತು, "ಅಣ್ಣಾ, ಬಂದ್ರಾ?" ಎಂದು ಕೇಳುವರು. ಬಂದ ಮೇಲೂ ಮೊದಲು ಕಾಲು ನೋಡುವರು, ಆಮೇಲೆ ಮುಖ.

ಮರುಬೇಸಿಗೆಯಲ್ಲಿ ಕುಲುಮೆ ನೋಡಲು ರಷ್ಯಾದ ಎಂಜಿನಿಯರುಗಳು ಬಂದರು. ನೋಡಿಯಾದ ಮೇಲೆ ಭದ್ರಾವತಿಯ ಹಳೇ ಊರಿನ ನರಸಿಂಹ ದೇವಸ್ಥಾನ ತೋರಿಸುವುದೆಂದಾಯಿತು. ಮಧ್ಯಾಹ್ನದ ಅಂಗಳದ ಕಲ್ಲು ಕಾವಲಿಯಂತಿರುತ್ತದೆ. ಬಿಳಿ ಕಾಲಿಗೆ ತಡೆಯದೆಂದು ದಪ್ಪ ಬಟ್ಟೆಯ ಕಾಲುಚೀಲ ಹೊಲಿದುಕೊಡಲು ನನಗೆ ಆರ್ಡರು ಬಂತು. ಅತಿಥಿಗಳಿಗಾದರೆ ಅಡ್ಡಿಯಿಲ್ಲ ಎಂದು ಅರ್ಚಕರೂ ಒಪ್ಪಿದ್ದರು. ಅತಿಥಿಗಳಿಗೆ ಅವರ ಮಾತಿನಲ್ಲೇ ಹೇಳಬೇಕಾದವರು ಫೋರ್‌ಮನ್ನರು. ಅಂದರೆ ಎಲ್ಲ ಸಾಹೇಬರ ಕಣ್ಣೆದುರು ಬೂಟು ಬಿಚ್ಚಬೇಕು. ಇದನ್ನು ಮೊದಲೇ ಯೋಚಿಸಿ ಒಂದು ಜೊತೆಯನ್ನು ಬೇರೆ ಹೊಲಿದಿದ್ದೆ, ಎಡಗಾಲಿನದರ ತುದಿಗೆ ಹತ್ತಿ ತುಂಬಿ, ಬೆರಳಿನ ಆಕಾರ ಕೊಟ್ಟು.

ದೇವಸ್ಥಾನದ ಹೊರಗೆ ಗಂಟು ಬಿಚ್ಚಿ ಹಂಚುತ್ತ ಅವರ ಕೈಗೆ ಅದನ್ನು ಕೊಟ್ಟೆ. "ಗೋಡೆ ಕಡೆ ತಿರುಗಿ ಹಾಕ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ."

ಅತಿಥಿಗಳು ಕಟ್ಟೆಯ ಮೇಲೆ ಸಾಲಾಗಿ ಕೂತು, ಶಾಲೆ ಮಕ್ಕಳ ಹಾಗೆ ನಗುತ್ತ ಕಾಲುಚೀಲ ಏರಿಸಿಕೊಳ್ಳುತ್ತಿದ್ದರು. "ಬನ್ನಿ ಫೋರ್‌ಮನ್, ನೀವಿಲ್ದೆ ಇವರಿಗೆ ಹೇಳೋರ್ಯಾರು?" ಕಾರ್ಖಾನೆಯ ಸಾಹೇಬರು ಬಾಗಿಲಿನಿಂದ ಕರೆದರು.

ಫೋರ್‌ಮನ್ನರು ಕೈಯಲ್ಲಿದ್ದದ್ದನ್ನು ಒಮ್ಮೆ ತಿರುಗಿಸಿ ನೋಡಿದರು. ಹತ್ತಿಯ ಬೆರಳನ್ನು ಮೆಲ್ಲಗೆ ಅದುಮಿ ನೋಡಿದರು. ನನಗೆ ವಾಪಸು ಕೊಟ್ಟರು.

"ದೀಪ ಇಲ್ದಿರೋ ಕಡೆ ಬಿಚ್ಚಿದೋನು ನಾನು. ಇಲ್ಲಿ ಹಾಕ್ಕೊಂಡು ಹೋಗ್ಲಾ?"

ಕೂತು ಎರಡೂ ಬೂಟು ಬಿಚ್ಚಿದರು, ಕಾಲುಚೀಲ ಮಡಿಸಿ ಅದರೊಳಗೇ ಇಟ್ಟರು, ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರು. ಬೂಟಿಲ್ಲದೆ ಕುಂಟು ಸ್ಪಷ್ಟವಾಗಿ ಕಾಣುತ್ತಿತ್ತು. ನಗುತ್ತಿದ್ದವರ ನಗು ನಿಂತಿತು. ಅತಿಥಿಗಳಲ್ಲಿ ಹಿರಿಯನೊಬ್ಬ ಅವರ ಕಾಲು ನೋಡಿ ಏನೋ ಕೇಳಿದ. ಇವರು ಅವನ ಭಾಷೆಯಲ್ಲಿ ಒಂದೇ ಮಾತು ಹೇಳಿದರು. ಆತ ನಾನು ಕೊಟ್ಟ ಕಾಲುಚೀಲ ಬಿಚ್ಚಿ ಕೋಟಿನ ಜೇಬಿಗೆ ತುರುಕಿ ಹಿಂದೆಯೇ ನಡೆದ. ಒಳಗಿನಿಂದ ಫೋರ್‌ಮನ್ನರ ದನಿ ಕೇಳುತ್ತಿತ್ತು. ಗೋಡೆಯ ಕೆತ್ತನೆ, ಗೋಪುರದ ಅಂಚು, ಒಂದೂ ಬಿಡದೆ ತೋರಿಸುತ್ತಿದ್ದರು.

ಸಾಹೇಬರು ಹಿಂದೆ ಉಳಿದು, ಕಟ್ಟೆಯ ಮೇಲಿದ್ದ ಎಡಬೂಟನ್ನು ಎತ್ತಿ ಒಳಗೆ ಬೆರಳಾಡಿಸಿದರು. "ನೀವು ಮಾಡಿದ್ದಾ?"

"ಹೌದು ಸ್ವಾಮಿ."

"ಚೆನ್ನಾಗಿ ಮಾಡಿದೀರಿ," ಅಂದು ಇಟ್ಟರು. ಅಷ್ಟೇ.

ಮಳೆಗಾಲದ ಮುಂಚೆ ಫೋರ್‌ಮನ್ನರನ್ನು ಸ್ಟೋರಿಗೆ ಹಾಕಿದರು. ಕುರ್ಚಿ, ಫ್ಯಾನು, ಅದೇ ಸಂಬಳ. ಹೆಂಡತಿಗೆ ಜೀವ ಬಂದಂತಾಯಿತು. ಅವರು ಮಾತ್ರ ಮತ್ತೆ ಮೆಟ್ಟಿಲ ಮೇಲೆ ಕೂತು ಕಾರ್ಡು ತೆಗೆಯಲಿಲ್ಲ. ಯಾರಾದರೂ ಗಂಟೆಯ ಕಥೆ ಕೇಳಿದರೆ, "ಒಡೆದಿದ್ದು ಅದು, ಬಿಡಿ," ಅನ್ನುವರು. ರಿಟೈರಾದ ಮೇಲೆ ಮಗಳ ಊರಿಗೆ ಹೋದರು. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು...

ನನಗೀಗ ಸಕ್ಕರೆ ಕಾಯಿಲೆ. ಪಾದಕ್ಕೆ ಚುಚ್ಚಿದರೂ ತಿಳಿಯುವುದಿಲ್ಲ. ಬರಿಗಾಲಲ್ಲಿ ಎಲ್ಲಿಯೂ, ದೇವಸ್ಥಾನದಲ್ಲೂ, ನಡೆಯಕೂಡದು ಅಂದಿದ್ದಾರೆ ಡಾಕ್ಟರು. ಸರಿಯಾದ ಮಾತು. ಈ ಕಾಯಿಲೆ ಇರುವವರು ಯಾರೇ ಕೇಳಿದರೂ ನಾನೂ ಅದನ್ನೇ ಹೇಳುತ್ತೇನೆ. ಭದ್ರಾವತಿಗೆ ಹೋದಾಗ ಬಾಗಿಲ ಹೊರಗೇ ಬೂಟು ಹಾಕಿಕೊಂಡು ನಿಂತು ಕೈಮುಗಿದು ಬರುತ್ತೇನೆ. ಒಳಗಿನಿಂದ ಯಾರದಾದರೂ ದನಿ ಬಂದರೆ ಮುಗಿಯುವ ತನಕ ನಿಲ್ಲುತ್ತೇನೆ. ಅವರದಲ್ಲ ಎಂದು ಗೊತ್ತು. ಆದರೂ ಕಟ್ಟೆಯ ಮೇಲಿನ ಚಪ್ಪಲಿಗಳ ಸಾಲಿನಲ್ಲಿ ಕಣ್ಣು ಒಂದು ಎಡಗಾಲಿನ ಬೂಟು ಹುಡುಕುತ್ತದೆ.